ನವಿಲು ಕಾರಿನ ಒಂದು ಗರಿ

ಗುರುಪ್ರಕಾಶ್ ಕಲ್ಲಮ್ಮನನ್ನು ಮೊದಲು ನೋಡಿದ್ದು ಆಯುಧಪೂಜೆ ಕಳೆದ ಮೂರನೆಯ ದಿನ, ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ. ಅವನು ಹೆಗಲಿಗೆ ನೇತುಹಾಕಿಕೊಂಡಿದ್ದ ಬಿಲ್ಲಿಂಗ್ ಮಿಷಿನ್ ಪ್ರತಿ ಮನೆಯ ಬಿಲ್ಲಿನ ಮೇಲೂ ಗಂಟೆ, ನಿಮಿಷ ಅಚ್ಚುಹಾಕುತ್ತಿತ್ತು. ಮುಂದೆ ಗುತ್ತಿಗೆದಾರನ ಆಫೀಸಿನಲ್ಲಿ ಅದೇ ಸಮಯವನ್ನು ಅವನೆದುರೇ ಗಟ್ಟಿಯಾಗಿ ಓದಿದರು. ಹಾಗಾಗಿ ಅದನ್ನು ಅವನು ಮರೆಯುವಂತಿಲ್ಲ.

ತುಮಕೂರಿನ ಹೊರಪೇಟೆಯಲ್ಲಿ, ದೊಡ್ಡ ರಸ್ತೆ ಬಿಟ್ಟು ಎರಡು ತಿರುವು ಒಳಕ್ಕೆ ಹೋದರೆ ಸಿಗುವ ಓಣಿ ಅದು. ಹಳೆಯ ಮೀಟರ್ ರೀಡರ್ ಕೆಲಸ ಬಿಟ್ಟಿದ್ದರಿಂದ ಆ ತಿಂಗಳಷ್ಟೇ ಆ ಬೀಟು ಗುರುಪ್ರಕಾಶನ ಪಾಲಿಗೆ ಬಂದಿತ್ತು. ಓಣಿಯ ಕೊನೆಗೆ ಎರಡು ಕೋಣೆಯ ಹೆಂಚಿನ ಮನೆ, ಪಕ್ಕದಲ್ಲಿ ತಗಡಿನ ಶೆಡ್ಡು. ಜಗುಲಿಯ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬಳು ಕಾಲು ಚಾಚಿ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಸೇವಂತಿಗೆ ಹಾರ ಕಟ್ಟುತ್ತಿದ್ದಳು. ಛತ್ರಗಳಿಗೆ ಹಾರ ಒದಗಿಸುವುದು ಅವಳ ಕಸುಬು. ಅವಳೇ ಕಲ್ಲಮ್ಮ.

“ಅಮ್ಮ, ಕರೆಂಟ್ ಬಿಲ್ಲು. ಮೀಟರ್ ಎಲ್ಲೈತೆ?”

“ಶೆಡ್ನಾಗೈತೆ. ನೀನ್ಯಾಕಪ್ಪ ಒಳಕ್ಕೋಗ್ತೀಯ? ಮುಂಚೆ ಬರ್ತಿದ್ದೋನಿಗೆ ನಾನೇ ನೋಡಿ ನಂಬರ್ ಹೇಳ್ತಿದ್ದೆ, ಬರ್ಕೊಂಡು ಹೋಗ್ತಿದ್ದ.”

“ಈಗ ಹಂಗಾಗಲ್ಲಮ್ಮ. ಮೀಟರ್ ಫೋಟೊ ತೆಗೀದಿದ್ರೆ ಮಿಷಿನ್ನು ಬಿಲ್ಲೇ ಕೊಡಲ್ಲ.”

“ಫೋಟೊ ತೆಗೆಯೋಕೆ ಅದೇನು ಮದುವೆ ಹೆಣ್ಣಾ?”

ಹಾಗಂದರೂ ಅವಳು ಹಾರ ಪಕ್ಕಕ್ಕಿಟ್ಟು ಬೀಗದ ಕೈ ತರಲು ಒಳಗೆ ಹೋದಳು. ಗುರುಪ್ರಕಾಶ್ ಶೆಡ್ಡಿನ ಮುಂದೆ ನಿಂತ. ಬಾಗಿಲ ಮುಂದೆ ಕುಂಕುಮ ಕಲಸಿದ ಬೂದುಗುಂಬಳದ ಹೋಳುಗಳು ಒಣಗಿ ಬಿದ್ದಿದ್ದವು. ಒಳಗೆ ಯಾವುದೋ ಗಾಡಿ ಇದೆ ಎಂದುಕೊಂಡ. ಬಾಗಿಲಿಗೂ ನೆಲಕ್ಕೂ ನಡುವೆ ಒಂದು ಗೇಣು ಸಂದಿ ಇತ್ತು. ಬಗ್ಗಿ ನೋಡಿದ. ಎರಡು ಅಗಲದ ಟೈರು, ಒಂದೊಂದು ಟೈರಿನ ಮುಂದೆ ಒಂದೊಂದು ನಿಂಬೆಹಣ್ಣು. ಎರಡೂ ಇಟ್ಟ ಹಾಗೇ ದುಂಡಗಿದ್ದವು.

ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟ ಮೇಲೆ ಗಾಡಿಯನ್ನು ಒಂದು ಮಾರಾದರೂ ಮುಂದಕ್ಕೆ ಬಿಡಬೇಕು, ಹಣ್ಣು ಜಜ್ಜಬೇಕು. ಕೆಟ್ಟು ನಿಂತ ಮೊಪೆಡ್ಡನ್ನೂ ಜನ ಕೈಯಲ್ಲಿ ತಳ್ಳಿ ಹಣ್ಣು ಒಡೆಸುತ್ತಾರೆ. ಇಲ್ಲಿ ಯಾರೋ ಪೂಜೆ ಮಾಡಿದ್ದಾರೆ, ತಳ್ಳಿಲ್ಲ. ತಳ್ಳಲಾಗದಷ್ಟು ಭಾರದ ಗಾಡಿ ಇರಬೇಕು, ಇಲ್ಲವೇ ತಳ್ಳುವವರು ಇಲ್ಲದಿರಬೇಕು. ಗುರುಪ್ರಕಾಶ್ ಇನ್ನಷ್ಟು ಬಗ್ಗಿದ.

ಗಾಡಿಗಳ ಈ ಹುಚ್ಚು ಅವನಿಗೆ ಹತ್ತಿದ್ದು ತನ್ನೂರು ಕೋರದಲ್ಲಿ. ಅವನ ತಾಯಿ ಕದರಮ್ಮ ಹೆದ್ದಾರಿ ಬದಿ ಸೌತೆಕಾಯಿ ಮಾರುತ್ತಿದ್ದಳು. ಹುಡುಗನಾಗಿದ್ದ ಅವನು ಬುಟ್ಟಿಯ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಬರೀ ಸದ್ದಿನಿಂದ ಗಾಡಿಯ ಹೆಸರು ಹೇಳುತ್ತಿದ್ದ. ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ಅವನೇ. ಡಿಗ್ರಿಗೆ ಸಿಕ್ಕಿದ್ದು ಗುತ್ತಿಗೆಯ ಮೀಟರ್ ರೀಡರ್ ಕೆಲಸ. ದಿನಕ್ಕೆ ನೂರೈವತ್ತು ಮನೆ, ಒಂದೊಂದು ಮನೆಗೆ ಎರಡು ನಿಮಿಷ. ಆದರೆ ಆ ಎರಡು ನಿಮಿಷದಲ್ಲಿ ಊರಿನ ಹಿತ್ತಲುಗಳೆಲ್ಲ ಅವನಿಗೆ ತೆರೆದುಕೊಂಡವು. ಮಂಡಿಪೇಟೆಯ ಹಳೇ ಗೋಡೌನಿನಲ್ಲಿ ಕೋಳಿ ಕಾವಿಗೆ ಕೂತಿದ್ದ ಕಾಂಟೆಸ್ಸಾ, ಸೋಮೇಶ್ವರಪುರದಲ್ಲಿ ಕಾಯಿಲೆಬಿದ್ದ ಡಾಕ್ಟರೊಬ್ಬರು ದಿನಾ ಒರೆಸಿ ಇಡಿಸುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಹಿಂದಿನ ಅರ್ಧ ಕೊಯ್ಸಿಕೊಂಡು ಜ್ಯೂಸಂಗಡಿಯಾಗಿದ್ದ ಪದ್ಮಿನಿ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಒಂದು ಕಟ್ಟುಪಾಡೂ ಇತ್ತು. ಕೆಲಸಕ್ಕೆ ಸೇರಿದ ದಿನ ಮೇಲಿನವನು ಹೇಳಿದ್ದ: “ಮೀಟರ್ ನೋಡೋನು ಮನೆ ನೋಡ್ಬಾರ್ದು. ಒಳಗೆ ಕಂಡಿದ್ದು ಹೊರಗೆ ಆಡ್ಬಾರ್ದು.” ಅದಕ್ಕೇ ಗುರುಪ್ರಕಾಶ್ ಬೀದಿಗೆ ಕಾಣುವ ಕಾರಿನ ಫೋಟೊ ಮಾತ್ರ ಬೇರೆಯವರಿಗೆ ತೋರಿಸುತ್ತಿದ್ದ. ಕಾಂಪೌಂಡಿನ ಒಳಗಿನದು ಅವನ ನೋಟ್‌ಬುಕ್ಕಿನಲ್ಲೇ ಉಳಿಯುತ್ತಿತ್ತು.

ಕಲ್ಲಮ್ಮ ಬಾಗಿಲು ತೆಗೆದಳು.

ಒಳಗೆ ಒಂದು ದೊಡ್ಡ ಕಾರು ಮಂಕು ಬೆಳಕಿನಲ್ಲಿ ನಿಂತಿತ್ತು. ಮಾಡು ಕತ್ತರಿಸಿ ತೆರೆದ ಕಾರು. ಉಬ್ಬಿದ ಮೂತಿಯ ಮೇಲೆ ತಗಡಿನ ನವಿಲಿನ ತಲೆ. ಹಿಂದೆ, ಗಂಡು ಹೆಣ್ಣು ಕೂರುವ ಎತ್ತರದ ಸೀಟಿನ ಬೆನ್ನಿಗೆ, ಬೀಸಣಿಗೆ ಹಾಗೆ ಹರಡಿದ ಗರಿಗಳು. ಎಣ್ಣೆ ಡಬ್ಬಿಯ ತಗಡಿನಲ್ಲಿ ಕತ್ತರಿಸಿದ ಒಂದೊಂದು ಗರಿಯ ಕಣ್ಣಿಗೂ ನೀಲಿ ಸೀಸೆಯ ತಳದ ಗಾಜು ಕೂರಿಸಿತ್ತು.

“ಡಾಡ್ಜ್,” ಎಂದ ಗುರುಪ್ರಕಾಶ್, ಮೂತಿ ನೋಡಿ. ಮೀಟರು ಅವನಿಗೆ ಮರೆತೇಹೋಗಿತ್ತು.

ಕಲ್ಲಮ್ಮ ಅವನ ಕಡೆ ತಿರುಗಿದಳು. “ನಿನಗೆಂಗೆ ಗೊತ್ತು?”

“ಮೂತಿ ನೋಡಿದ್ರೆ ಗೊತ್ತಾಗುತ್ತಮ್ಮ.”

“ಡಾಡ್ಜೇ. ನಮ್ಮನೆಯವರು ಯಾರನ್ನೂ ಕೈ ಹಾಕಕ್ಕೆ ಬಿಡದೆ ತಾವೇ ಮಾಡಿದ್ದು. ಕುಣಿಗಲ್ಲು, ಗುಬ್ಬಿ, ಎಲ್ಲಿ ಮದುವೆ ಆದ್ರೂ ಮೆರವಣಿಗೆಗೆ ಇದೇ ಬೇಕು ಅನ್ನೋರು. ಅಸಲಿ ಡಾಡ್ಜು.”

ಆಗಲೇ ಅವನ ಕಣ್ಣಿಗೆ ಒಂದು ವಿಷಯ ಬಿತ್ತು. ಚಕ್ರಗಳು ಮಡ್‌ಗಾರ್ಡಿನ ಅಂಚಿಗಿಂತ ಅರ್ಧ ಗೇಣು ಒಳಗಿದ್ದವು, ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಕಾಲಿನ ಹಾಗೆ. ಮೀಟರಿನ ಫೋಟೊ ತೆಗೆಯುವಾಗ ಬಗ್ಗಿ ಇನ್ನೊಮ್ಮೆ ನೋಡಿದ. ಮುಂದಿನ ಚಕ್ರಕ್ಕೂ ಲಾರಿಗಿರುವಂಥ ಕಮಾನು ಪಟ್ಟಿಯ ಸ್ಪ್ರಿಂಗು. ಈ ಮೂತಿಯ ಡಾಡ್ಜ್ ಕಾರಿಗೆ ಮುಂದೆ ಕಮಾನು ಪಟ್ಟಿ ಇರುವುದಿಲ್ಲ. ಮೇಲಿನದು ಡಾಡ್ಜಿನ ಮೈ, ಕೆಳಗಿನದು ಜೀಪಿನ ಫ್ರೇಮು. ಯಾವತ್ತೋ ಡಾಡ್ಜಿನ ಸ್ವಂತ ಫ್ರೇಮು, ಅಂದರೆ ಚಾಸಿಸ್, ತುಕ್ಕು ತಿಂದುಹೋಗಿ, ಮೈಯನ್ನು ಎತ್ತಿ ಜೀಪಿನ ಮೇಲೆ ಕೂರಿಸಿದ್ದಾರೆ.

ಹೇಳಲೋ ಬೇಡವೋ ಎಂದು ಅವನು ಒಂದು ಗಳಿಗೆ ನಿಂತ. ಕಲ್ಲಮ್ಮ ಸೆರಗಿನ ತುದಿಯಲ್ಲಿ ನವಿಲಿನ ಕೊಕ್ಕು ಒರೆಸುತ್ತಿದ್ದಳು. ಅವನು ಮಾತು ನುಂಗಿಕೊಂಡ.

“ಮೀಟರ್ ನೋಡೋಕೆ ಬಂದೋನು ಮೀಟರ್ ನೋಡ್ಕೊಂಡು ಹೋಗು,” ಎಂದಳು ಬೀಗ ಹಾಕುತ್ತ. “ಇಲ್ಲೊಂದು ಕಾರೈತೆ ಅಂತ ಯಾರ ಹತ್ರಾನೂ ಆಡ್ಬೇಡ.”

ಯಾಕೆಂದು ತಿಳಿದದ್ದು ಮರು ತಿಂಗಳು. ಆ ಸಲ ಕಲ್ಲಮ್ಮ ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ತಾನಾಗಿ ಶೆಡ್ಡಿನೊಳಗೆ ನಿಂತು ಮಾತಾಡಿದಳು. ಅವಳ ಗಂಡ ಗಂಗಣ್ಣ ಗಾಡಿಗಳ ತಗಡು ಬಡಿದು ಸರಿಮಾಡುವ ಟಿಂಕರ್ ಕೆಲಸದವನು. ಕಾರು ಕೊಂಡಾಗ ಅವನಿಗೆ ಸ್ವಂತ ವಿಳಾಸ ಇರಲಿಲ್ಲ, ಕೆಲಸ ಮಾಡುವ ಗ್ಯಾರೇಜಿನಲ್ಲೇ ಮಲಗುತ್ತಿದ್ದ. ಹಾಗಾಗಿ ಆರ್‌ಸಿಯನ್ನು ಕುಣಿಗಲ್ಲಿನಲ್ಲಿದ್ದ ತಮ್ಮ ಮಲ್ಲಿಕಾರ್ಜುನನ ಹೆಸರಿಗೆ ಬರೆಸಿದ. ತಮ್ಮ ಕಾರನ್ನು ಒಂದು ದಿನ ಮುಟ್ಟಿದವನಲ್ಲ. ಗಂಗಣ್ಣ ತೀರಿಕೊಂಡ ವರ್ಷ ಬಂದು, ಪೇಪರ್ ನನ್ನ ಹೆಸರಲ್ಲಿದೆ, ಗಾಡಿ ಮಾರುತ್ತೇನೆ ಎಂದ.

“ಆಗಲೇ ಗುಜರಿಗೆ ಹಾಕ್ಬುಟ್ಟೆ ಅಂದೆ,” ಎಂದಳು ಕಲ್ಲಮ್ಮ. “ಇಲ್ಲೇ ಸತ್ಯಮಂಗಲದ ಗುಜರೀಲಿ ಕೊಯ್ದಾಕಿದ್ರು ಅಂದೆ. ಅವನೂ ನಂಬಿದ. ಹನ್ನೊಂದು ವರ್ಷ ಆಯ್ತು. ಈ ಬಾಗಿಲು ಪೂರ್ತಿ ತೆಗೆಯೋದು ಹಬ್ಬಕ್ಕೊಂದಿನ, ಅದೂ ಬೆಳಕು ಹರಿಯೋಕೆ ಮುಂಚೆ.”

“ಓಡಿಸೋಕಾಗಲ್ಲ, ಮಾರೋ ಹಂಗಿಲ್ಲ. ಯಾಕಮ್ಮ ಇಟ್ಕೊಂಡಿದೀರ?”

“ನಿಮ್ಮವ್ವ ನಿನ್ನ ಯಾಕೆ ಇಟ್ಕೊಂಡವ್ಳೆ?”

ಗುರುಪ್ರಕಾಶ್ ನಕ್ಕ. ಅವಳು ಬಿಲ್ಲು ಒಳಗಿಟ್ಟು ಬರಲು ಹೋದ ಅರ್ಧ ನಿಮಿಷದಲ್ಲಿ ಅವನು ತನ್ನ ಸ್ವಂತ ಫೋನು ತೆಗೆದು ಒಂದು ಗರಿಯ ಫೋಟೊ ಹೊಡೆದುಕೊಂಡ. ಬರೀ ಒಂದು ಗರಿ. ತಾನು ನೋಡಿಕೊಳ್ಳುವುದಕ್ಕೆ ಎಂದು ಅಂದುಕೊಂಡಿದ್ದ.

ಹಳೇ ಗಾಡಿಗಳ ಹುಚ್ಚಿನವರದೊಂದು ವಾಟ್ಸಾಪ್ ಗುಂಪು ಇತ್ತು. ತುಮಕೂರು, ಗುಬ್ಬಿ, ಕುಣಿಗಲ್ಲಿನವರು ಸೇರಿ ಇನ್ನೂರು ಚಿಲ್ಲರೆ ಜನ. ಭಾನುವಾರ ಬಂತೆಂದರೆ ಅಲ್ಲಿ ಒಂದು ಆಟ. ಒಬ್ಬ ಯಾವುದೋ ಕಾರಿನ ಒಂದು ಚೂರು ಹಾಕುತ್ತಾನೆ, ಬಾಗಿಲ ಹಿಡಿಯೋ, ಹಿಂದಿನ ದೀಪವೋ. ಉಳಿದವರು ಕಾರಿನ ಹೆಸರು ಹೇಳಬೇಕು. ಗುರುಪ್ರಕಾಶನನ್ನು ಅಲ್ಲಿ ಯಾರೂ ಸೋಲಿಸಿರಲಿಲ್ಲ. ಹಾರ್ನ್ ಪಕ್ಕದ ಸ್ಕ್ರೂ ನೋಡಿ ಇಸವಿ ಹೇಳುತ್ತಿದ್ದ. ಕಾರುಗಳಿದ್ದವರು, ಅಂಗಡಿ ಮಿಲ್ಲುಗಳಿದ್ದವರು, ಸೈಕಲ್ಲೂ ಇಲ್ಲದೆ ಬೆಳೆದ ಅವನನ್ನು ಅಲ್ಲಿ “ಗುರುಗಳೇ” ಅನ್ನುತ್ತಿದ್ದರು.

ಆ ಭಾನುವಾರ ಅವನ ಸರದಿ. ಬೇರೆ ಫೋಟೊ ಇರಲಿಲ್ಲವೆಂದಲ್ಲ. ಆದರೆ ಗರಿ ಹಾಕಿದರೆ ಯಾರಿಗೂ ಹೊಳೆಯುವುದಿಲ್ಲ ಅನ್ನಿಸಿತು. ಅವನ ಲೆಕ್ಕಾಚಾರ ಹೀಗಿತ್ತು: ಒಂದು ಹಿಂದಿನ ದೀಪ ತೋರಿಸಿದರೆ ಅದೇ ದೀಪದ ಸಾವಿರ ಕಾರು ಇರುತ್ತವೆ, ಯಾರ ಮನೆಯದೆಂದು ಯಾರಿಗೂ ಗೊತ್ತಾಗದು. ಗರಿಯೂ ಅಷ್ಟೆ. ಕಂಪನಿಯ ಗಾಡಿಗೆ ಸರಿಹೋಗುವ ಮಾತನ್ನು ಅವನು ಕೈಯಲ್ಲಿ ಮಾರ್ಪಡಿಸಿದ ಆಲ್ಟ್ರೇಷನ್ ಗಾಡಿಗೆ ಹಚ್ಚಿದ್ದ. ಅಲ್ಲೇ ಎಡವಿದ. ಅಂಥ ಗರಿ ಜಗತ್ತಿನಲ್ಲಿ ಇದ್ದದ್ದು ಒಂದೇ ಕಾರಿಗೆ, ಮತ್ತು ಆ ಕಾರಿನ ಹಿಂದೆ ಮೂರು ತಾಲ್ಲೂಕಿನ ಜನ ವಾಲಗದ ಜೊತೆ ನಡೆದಿದ್ದರು.

‘ಯಾವ ಕಾರಿನ ಯಾವ ಭಾಗ? ಹೇಳಿ ನೋಡೋಣ’ ಎಂದು ಬರೆದು ಹಾಕಿದ. ಏಳು ನಿಮಿಷಕ್ಕೆ ಗುಬ್ಬಿಯಿಂದ ಉತ್ತರ ಬಂತು. ಸುಮನಾ ಎಂಬ ಶಾಲಾ ಶಿಕ್ಷಕಿ ತನ್ನ ಅಪ್ಪ ಅಮ್ಮನ ಮದುವೆ ಫೋಟೊವನ್ನೇ ಹಾಕಿದ್ದಳು. ಬಾಸಿಂಗ ಕಟ್ಟಿದ ಗಂಡು, ತಲೆ ತಗ್ಗಿಸಿದ ಹೆಣ್ಣು, ಅವರ ಬೆನ್ನಿಗೆ ಹರಡಿದ ಗರಿಗಳು. ‘ನವಿಲು ಕಾರು! ಇನ್ನೂ ಇದೆಯಾ?’ ಆಮೇಲೆ ಒಂದರ ಹಿಂದೊಂದು. ನಮ್ಮ ಚಿಕ್ಕಪ್ಪನ ಮದುವೆಯಲ್ಲಿ, ನಮ್ಮ ಅಕ್ಕನ ಮದುವೆಯಲ್ಲಿ. ಕೊನೆಗೆ ಕುಣಿಗಲ್ಲಿನ ಒಬ್ಬ: ‘ಇದು ನಮ್ಮ ಮಲ್ಲಣ್ಣೋರ ಗಾಡಿ ಅಲ್ವಾ? ಗುಜರಿಗೆ ಹೋಯ್ತು ಅಂದಿದ್ರು. ಅವರಿಗೆ ಕಳಿಸಿದೀನಿ, ಖುಷಿ ಪಡ್ತಾರೆ.’

ಗುರುಪ್ರಕಾಶ್ ಕೂಡಲೇ ಫೋಟೊ ಅಳಿಸಿದ. ಅಳಿಸಿದ್ದರಿಂದ ಏನೂ ಆಗಲಿಲ್ಲ. ‘ಯಾಕೆ ಗುರುಗಳೇ ಡಿಲೀಟ್ ಮಾಡಿದ್ರಿ?’ ಎಂದು ಮೂವರು ಕೇಳಿದರು.

ಅವತ್ತೇ ಹೋಗಿ ಕಲ್ಲಮ್ಮನಿಗೆ ಹೇಳಬೇಕಿತ್ತು. ಹೋಗಲಿಲ್ಲ. ಸೋಮವಾರ ಓಣಿಯ ತಿರುವಿನವರೆಗೆ ಹೋಗಿ ವಾಪಸು ಬಂದ. ಮಂಗಳವಾರ ಬೈಕಿನ ದಾರಿಯನ್ನೇ ಬದಲಿಸಿದ. ಹನ್ನೊಂದು ವರ್ಷ ಸುಮ್ಮನಿದ್ದ ಮನುಷ್ಯ ಈಗ ಏನು ಮಾಡುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡ. ರಾತ್ರಿ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದ. “ಏನ್ಲಾ, ಮೈಗೆ ಹುಷಾರಿಲ್ವಾ?” ಎಂದು ಕದರಮ್ಮ ಕೇಳಿದರೆ, ಬಿಸಿಲು ಜಾಸ್ತಿ ಎಂದ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಸೋಮೇಶ್ವರಪುರದಲ್ಲಿ ಬಿಲ್ಲು ಹಂಚುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ಅದೇ ಗುಂಪು. ಹಳೇ ಕಾರುಗಳನ್ನು ಹುಡುಕಿ ಬೆಂಗಳೂರಿನ ಶ್ರೀಮಂತರಿಗೆ ಕೊಡಿಸುವ ಅಂಜನ್‌ಕುಮಾರ್ ಎಂಬ ಏಜೆಂಟ್ ಬರೆದಿದ್ದ: ‘ತುಮಕೂರಿಗೆ ಬರ್ತಾ ಇದೀನಿ. ಇವತ್ತು ಒಂದು ಡಾಡ್ಜ್ ಎತ್ತೋದಿದೆ.’ ಜೊತೆಗೆ ಕಬ್ಬಿಣದ ಹಾಸಿನ ಲಾರಿಯ ಫೋಟೊ. ಲಾರಿ ಆಗಲೇ ಹೆದ್ದಾರಿಯಲ್ಲಿತ್ತು.

ಗುರುಪ್ರಕಾಶ್ ಅರ್ಧ ಮುದ್ರಣವಾಗಿದ್ದ ಬಿಲ್ಲನ್ನು ಹಾಗೇ ಹರಿದು ಜೇಬಿಗೆ ತುರುಕಿಕೊಂಡು ಬೈಕ್ ಹತ್ತಿದ.

ಕಲ್ಲಮ್ಮ ಜಗುಲಿಯಲ್ಲಿ ಅದೇ ಜಾಗದಲ್ಲಿ ಕೂತಿದ್ದಳು. “ಏನಪ್ಪ, ತಿಂಗಳಿಗೆರಡು ಸಲ ಬಿಲ್ಲು ಶುರು ಮಾಡಿದ್ರಾ?”

ಅವನು ನಿಂತೇ ಹೇಳಿದ. ಫೋಟೊ, ಆಟ, ಗುಬ್ಬಿಯ ಮದುವೆ, ಕುಣಿಗಲ್ಲು, ಲಾರಿ. ಒಂದನ್ನೂ ಬಿಡಲಿಲ್ಲ. ಅವಳ ಕೈ ಹಾರದ ಮೇಲೆಯೇ ನಿಂತುಹೋಯಿತು.

“ಯಾವತ್ತು ಹಾಕಿದ್ದು?”

“ಭಾನುವಾರ.”

“ಇವತ್ತು ಗುರುವಾರ.”

ಬೈದಿದ್ದರೆ ಒಳ್ಳೆಯದಿತ್ತು. ಅವಳು ಎದ್ದು ಶೆಡ್ಡಿನ ಬೀಗ ಜಗ್ಗಿ ನೋಡಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಓಣಿಯ ತುದಿಯಲ್ಲಿ ಲಾರಿ ಹಿಂದಕ್ಕೆ ಬರುವ ಪೀಂ ಪೀಂ ಸದ್ದು ಕೇಳಿಸಿತು.

ಮೊದಲು ಇಳಿದವನು ಮಲ್ಲಿಕಾರ್ಜುನ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅವನ ಹಿಂದೆ ಅಂಜನ್‌ಕುಮಾರ್, ಸೊಂಟಕ್ಕೆ ಚೀಲ ಕಟ್ಟಿಕೊಂಡಿದ್ದ. ಜೊತೆಗೆ ಹಗ್ಗ ಹಿಡಿದ ಇಬ್ಬರು ಆಳುಗಳು.

“ಚೆನ್ನಾಗಿದೀರಾ ಅತ್ತಿಗೆ? ಗುಜರಿಯಿಂದ ಕಾರು ಎದ್ದು ಬಂತಂತೆ. ನೋಡ್ಕೊಂಡು ಹೋಗಾನ ಅಂತ ಬಂದೆ.”

“ಅಣ್ಣ ಸತ್ತಾಗ ಹನ್ನೊಂದನೇ ದಿನಕ್ಕೆ ಬಂದೋನು. ಕಾರಿಗೆ ನಾಕೇ ದಿನಕ್ಕೆ ಬಂದೆ,” ಎಂದಳು ಕಲ್ಲಮ್ಮ.

“ಆರ್‌ಸಿ ನನ್ನ ಹೆಸರಲ್ಲೈತೆ. ಜಗಳ ಬೇಡ. ಬೀಗ ತೆಗೀರಿ. ಇಲ್ಲ ಅಂದ್ರೆ ಪೊಲೀಸ್ನೋರ ಮುಂದೆ ತೆಗೆಸ್ತೀನಿ. ಸುಳ್ಳು ಹೇಳಿ ಬಚ್ಚಿಟ್ಟಿದ್ದೂ ನೀವೇ.”

ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಂಡವು. ಕಲ್ಲಮ್ಮ ಆ ತಲೆಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು, ಮೈದುನನ ಕೈಗೆ ಕೊಡದೆ ತಾನೇ ತೆಗೆದಳು.

ಬಾಗಿಲು ಪೂರ್ತಿ ತೆರೆದಾಗ ಬಿಸಿಲು ನೀಲಿ ಗಾಜುಗಳ ಮೇಲೆ ಬಿದ್ದಿತು. ಆಳುಗಳು ಹಗ್ಗ ಕೆಳಗಿಟ್ಟು ನೋಡಿದರು. ಅಂಜನ್‌ಕುಮಾರ್ ಬಾನೆಟ್ ಎತ್ತಿ, ಇಂಜಿನ್ನಿನ ಹಿಂದಿನ ಗೋಡೆಯಂಥ ತಗಡಿಗೆ ಹೊಡೆದಿದ್ದ ಕಂಪನಿಯ ಪ್ಲೇಟಿನ ಧೂಳು ಒರೆಸಿ, ಅಲ್ಲಿದ್ದ ಅಂಕಿಗಳನ್ನು ಫೈಲಿನಲ್ಲಿದ್ದ ಆರ್‌ಸಿಯ ಹಳದಿ ಕಾಗದಕ್ಕೆ ಹೋಲಿಸಿದ.

“ಕರೆಕ್ಟಾಗೈತೆ. ಕಟ್ರೋ ಹಗ್ಗ.”

ಆಳುಗಳು ಮುಂದಿನ ಕೊಕ್ಕೆಗೆ ಹಗ್ಗ ಬಿಗಿದು, ಒಬ್ಬ ಹಿಂದಿನಿಂದ ಭುಜ ಕೊಟ್ಟ. ಕಾರು ನರಳಿತು. ಇಂಚಿನಷ್ಟು ಜರುಗಿತು. ಚಕ್ರದಡಿ ಒಣಗಿ ಕಪ್ಪಾಗಿದ್ದ ನಿಂಬೆಹಣ್ಣು ಚಿಟ್ ಎಂದು ಒಡೆಯಿತು. ಕಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗುರುಪ್ರಕಾಶನಿಗೆ ಆಗ ಎರಡು ವಿಷಯ ಒಟ್ಟಿಗೇ ಹೊಳೆದವು. ಈ ಕಾರನ್ನು ತಡೆಯುವ ಮಾತು ತನ್ನೊಬ್ಬನ ಹತ್ತಿರ ಇದೆ. ಆ ಮಾತು ಆಡಿದರೆ ಈ ಹೆಂಗಸು ನಲವತ್ತು ವರ್ಷ ಹೇಳಿಕೊಂಡು ಬಂದದ್ದು ಈ ಓಣಿಯ ಮುಂದೆಯೇ ಸುಳ್ಳಾಗುತ್ತದೆ. ಅವನು ಅವಳ ಮುಖ ನೋಡಿದ. ಅವಳು ಕಾರನ್ನು ನೋಡುತ್ತಿದ್ದಳು.

“ಸರ್, ನಿಲ್ಸಿ,” ಎಂದ. “ಆ ಪ್ಲೇಟು ಮೇಲಿನ ಬಾಡೀದು. ಫ್ರೇಮ್ ನಂಬರ್ ನೋಡಿ.”

“ಯಾರ್ಲಾ ನೀನು?” ಎಂದ ಮಲ್ಲಿಕಾರ್ಜುನ.

“ಮೀಟರ್ ರೀಡರು.”

“ಹಂಗಾದ್ರೆ ಮೀಟರ್ ನೋಡ್ಕೋ ಹೋಗು.”

ಆದರೆ ಅಂಜನ್‌ಕುಮಾರ್ ಕೈ ಎತ್ತಿ ಆಳುಗಳನ್ನು ನಿಲ್ಲಿಸಿದ್ದ. “ನೀವು ಗುಂಪಿನ ಗುರುಪ್ರಕಾಶ್ ಅಲ್ವಾ? ಯಾಕೆ, ಏನೈತೆ ಫ್ರೇಮಲ್ಲಿ?”

“ಚಕ್ರ ಎಷ್ಟು ಒಳಗವೆ ನೋಡಿ ಸರ್. ಚಾಸಿಸ್ ಪ್ರಿಂಟ್ ತೆಗೀರಿ, ಆಮೇಲೆ ಎಳೀರಿ.”

ಅಂಜನ್‌ಕುಮಾರ್ ಚಕ್ರ ನೋಡಿದ. ಅವನ ಮುಖ ಸಣ್ಣದಾಯಿತು. ಸೊಂಟದ ಚೀಲದಿಂದ ತೆಳ್ಳನೆಯ ಕಾಗದ, ಮೊಂಡು ಪೆನ್ಸಿಲ್ ತೆಗೆದು ಗುರುಪ್ರಕಾಶನಿಗೆ ಕೊಟ್ಟ. ತನ್ನ ಪ್ಯಾಂಟು ಹಾಳಾಗಬಾರದೆಂದಿರಬೇಕು.

ಗುರುಪ್ರಕಾಶ್ ಅಂಗಾತ ಮಲಗಿ ಕಾರಿನಡಿ ಸರಿದ. ಗ್ರೀಸು, ಜೇಡರ ಬಲೆ, ಇಲಿಯ ವಾಸನೆ. ಬಲಗಡೆಯ ಮುಂದಿನ ಚಕ್ರದ ಹತ್ತಿರ ಫ್ರೇಮಿನ ಮೇಲೆ ಗಟ್ಟಿಕಟ್ಟಿದ್ದ ಮಣ್ಣನ್ನು ಬೈಕಿನ ಬೀಗದ ಕೈಯಿಂದ ಕೆರೆದ. ಬೆರಳಿಗೆ ಏನೂ ತಗಲಲಿಲ್ಲ. ಇನ್ನೂ ಕೆರೆದ. ತಾನು ತಪ್ಪು ತಿಳಿದಿದ್ದರೆ? ಅಥವಾ ಗಂಗಣ್ಣ ಅಂಕಿಗಳನ್ನು ಉಜ್ಜಿ ಅಳಿಸಿಬಿಟ್ಟಿದ್ದರೆ? ಹೊರಗೆ ನಾಲ್ಕು ಜೊತೆ ಕಾಲುಗಳು ಕಾಯುತ್ತಿದ್ದವು, ಅವುಗಳ ಹಿಂದೆ ಒಂದು ಜೊತೆ ಬರಿಗಾಲು. ಕೊನೆಗೆ ಹೆಬ್ಬೆರಳಿಗೆ ಒಂದು ಉಬ್ಬು ಸಿಕ್ಕಿತು. ಕಾಗದ ಒತ್ತಿ ಹಿಡಿದು ಪೆನ್ಸಿಲ್ಲನ್ನು ಅಡ್ಡಡ್ಡ ಉಜ್ಜಿದ. ಬೂದುಬಣ್ಣದ ನಡುವೆ ಬಿಳಿಯಾಗಿ ಒಂದು ಅಕ್ಷರ ಎದ್ದಿತು. ಆಮೇಲೆ ಒಂದು ಅಂಕಿ. ಮತ್ತೊಂದು.

ಅಂಜನ್‌ಕುಮಾರ್ ಕಾಗದವನ್ನು ಬಿಸಿಲಿಗೆ ಹಿಡಿದು ಎರಡು ಸಲ ಓದಿದ.

“ಇದು ಜೀಪಿನ ನಂಬರು ಸಾರ್,” ಎಂದ ಮಲ್ಲಿಕಾರ್ಜುನನಿಗೆ. “ಕೆಳಗೆ ಜೀಪು, ಮೇಲೆ ಡಾಡ್ಜು. ಆರ್‌ಟಿಓದೋರು ನೋಡೋದು ಚಾಸಿಸ್ ನಂಬರ್ನೇ. ನಿಮ್ಮ ಪೇಪರ್‌ಗೂ ಈ ಗಾಡಿಗೂ ಸಂಬಂಧ ಇಲ್ಲ. ಇದನ್ನ ಹೇರ್ಕೊಂಡು ಹೋದ್ರೆ ನಾನು ದಾಬಸ್‌ಪೇಟೆ ದಾಟೋದ್ರೊಳಗೆ ಸ್ಟೇಷನ್ನಲ್ಲಿರ್ತೀನಿ.”

“ಹಂಗಾದ್ರೆ ಗುಜರಿಗೇ ಹಾಕ್ಸಿ. ಬಾಡಿನಾದ್ರೂ ನಂದಲ್ವಾ?”

“ಅದನ್ನ ನೀವು ನೀವು ನೋಡ್ಕೊಳ್ಳಿ. ನನಗೆ ಬೇಡ.”

ಆಳುಗಳು ಹಗ್ಗ ಬಿಚ್ಚಿದರು. ಮಲ್ಲಿಕಾರ್ಜುನ ಅತ್ತಿಗೆಯ ಕಡೆ ತಿರುಗಿದ. “ನನ್ನ ಹೆಸರಲ್ಲಿರೋ ಡಾಡ್ಜ್ ಎಲ್ಲಿ ಹೋಯ್ತು ಹಂಗಾದ್ರೆ?”

ಕಲ್ಲಮ್ಮ ಸೆರಗು ಬಾಯಿಂದ ತೆಗೆದಳು.

“ಅದನ್ನ ನಿಮ್ಮಣ್ಣನ್ನ ಕೇಳ್ಬೇಕು. ನೀನು ಮೇಲಕ್ಕೆ ಹೋದಾಗ ಕೇಳು. ಪೇಪರ್ನಾಗಿರೋ ಕಾರು ನಿಂದು ಕಣಪ್ಪ, ಹುಡುಕ್ಕೊಂಡು ತಗೊಂಡೋಗು. ಈ ಶೆಡ್ನಾಗಿರೋದು ನಂದು.”

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಲ್ಲಿಕಾರ್ಜುನ ಫೈಲು ಮುಚ್ಚಿದ. ಹೋಗುವಾಗ ಗುರುಪ್ರಕಾಶನ ಕೊರಳಿನಲ್ಲಿದ್ದ ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದು, ಹೆಸರು, ನಂಬರು ನಿಧಾನವಾಗಿ ಓದಿಕೊಂಡ.

ಲಾರಿಯ ಸದ್ದು ದೂರವಾದ ಮೇಲೆ ಕಲ್ಲಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಚಕ್ರವನ್ನೂ ಮಡ್‌ಗಾರ್ಡನ್ನೂ ನೋಡಿದಳು.

“ನಿನಗೆ ಯಾವಾಗ ಗೊತ್ತಾಯ್ತು?”

“ಮೊದಲನೇ ದಿನವೇ.”

“ಅವತ್ತು ನಾನು ಅಸಲಿ ಅಸಲಿ ಅಂತಿದ್ದಾಗ ನಿಂತ್ಕೊಂಡು ಕೇಳ್ತಿದ್ದೆ.” ನೆಟ್ಟಗೆ ನಿಂತು ಹೇಳಿದಳು: “ಆಡ್ಬೇಡ ಅಂದಿದ್ದನ್ನ ಊರಿಗೆಲ್ಲ ಆಡ್ದೆ. ನನಗೆ ಹೇಳ್ಬೇಕಾಗಿದ್ದನ್ನ ನುಂಗ್ಕೊಂಡೆ. ಹೋಗು ಈಗ.”

ಅವನು ಹೋದ.

ಮಲ್ಲಿಕಾರ್ಜುನನ ದೂರು ಮರುವಾರವೇ ಗುತ್ತಿಗೆದಾರನ ಆಫೀಸಿಗೆ ಬಂತು. ಮನೆಯೊಳಗೆ ಫೋಟೊ ತೆಗೆದು ಹೊರಗೆ ಹಂಚಿದ್ದಾನೆ ಎಂದು ಬರೆದಿತ್ತು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅಲ್ಲಿನ ಗುಮಾಸ್ತ ಅವನು ಆ ಮನೆಗೆ ಹೋದ ದಿನ, ಗಂಟೆ, ನಿಮಿಷಗಳನ್ನು ಓದಿದ. ಮೊದಲನೆಯದು ಹತ್ತು ಹದಿನೇಳು. “ಏನಾದ್ರೂ ಹೇಳೋದೈತಾ?” ಎಂದು ಕೇಳಿದ. ಗುರುಪ್ರಕಾಶ್ ಇಲ್ಲವೆಂದು ಮಿಷಿನ್ನನ್ನೂ ಗುರುತಿನ ಚೀಟಿಯನ್ನೂ ಮೇಜಿನ ಮೇಲಿಟ್ಟ. ಅದೇ ದಿನ ವಾಟ್ಸಾಪ್ ಗುಂಪಿನಿಂದಲೂ ಹೊರಬಂದ.

ಐದು ತಿಂಗಳು ಕೋರದಲ್ಲೇ ಕಳೆದ. ಒಂದು ಸಲ ಗುಬ್ಬಿಯ ಸಂತೆಗೆ ಹೋದವನು ಶಿಕ್ಷಕಿ ಸುಮನಾಳ ಮನೆ ಹುಡುಕಿ ಹೋಗಿ, ಆ ಮದುವೆ ಫೋಟೊದ ದೊಡ್ಡ ಪ್ರತಿಯೊಂದನ್ನು ಕೇಳಿ ಪಡೆದ. ಅದನ್ನು ಜಗುಲಿಯ ಮೇಲೆ ಕಲ್ಲಮ್ಮನ ಪಕ್ಕದಲ್ಲಿಟ್ಟು ತಿರುಗಿದ. ಓಣಿಯ ಅರ್ಧಕ್ಕೆ ಬಂದಾಗ ಹಿಂದಿನಿಂದ ಧ್ವನಿ ಕೇಳಿಸಿತು.

“ಲೋ ಮೀಟರು. ಆ ಜೀಪಿಂದು ಬ್ರೇಕ್ ಎಲ್ಲಿ ಸಿಗ್ತದೆ ಗೊತ್ತೇನೋ?”

ಈಗ ಗುರುಪ್ರಕಾಶ್ ಗಾಡಿಗಳ ವಿಮೆ ಮಾಡಿಸುವ ಒಂದು ಸಣ್ಣ ಕಚೇರಿಗೆ ತುಮಕೂರು, ಗುಬ್ಬಿ, ಕುಣಿಗಲ್ಲು ಸುತ್ತಿ ಚಾಸಿಸ್ ಪ್ರಿಂಟ್ ತೆಗೆದು ಕೊಡುತ್ತಾನೆ. ಯಾರ ಗಾಡಿ ನೋಡುವ ಮುಂಚೆಯೂ ಮನೆಯವರನ್ನು ಕೇಳುತ್ತಾನೆ, ಕಂಡದ್ದನ್ನು ಮೊದಲು ಅವರಿಗೇ ಹೇಳುತ್ತಾನೆ. ತಿಂಗಳಿಗೊಂದು ಭಾನುವಾರ ಹೊರಪೇಟೆಯ ಆ ಶೆಡ್ಡಿನಲ್ಲಿ ಕಾರಿನಡಿ ಮಲಗಿ ಜೀಪಿನ ಫ್ರೇಮಿನ ತುಕ್ಕು ಕೆರೆಯುತ್ತಾನೆ. ಕಾರು ಇನ್ನೂ ಸ್ಟಾರ್ಟ್ ಆಗಿಲ್ಲ.